ಅಗಲ ಗಾಲಿ, ಹೊಳೆಯುವ ರಿಮ್: ಕಾರಿನ ಗಾಲಿ ಬದಲಿಸುವ ಮುನ್ನ ಈ ಅಂಕೆಗಳನ್ನು ಓದಿ

“ಅಗಲ ಗಾಲಿ ಹಾಕಿಸಿದರೆ ರಸ್ತೆಯ ಹಿಡಿತ ದುಪ್ಪಟ್ಟು.” “ಅಲಾಯ್ ವೀಲ್ ಹಾಕಿದರೆ ಮೈಲೇಜ್ ಏರುತ್ತದೆ.” “ಬೋಲ್ಟ್ ಕೂತರೆ ಸಾಕು, ಯಾವ ಗಾಡಿಯ ರಿಮ್ ಆದರೂ ನಡೆಯುತ್ತದೆ.” ಇಂಥ ಮಾತುಗಳು ವಾಟ್ಸಾಪ್ ಗುಂಪುಗಳಲ್ಲಿ, ರೀಲ್ಸ್‌ಗಳಲ್ಲಿ ನಿಮಗೂ ಬಂದಿರಬಹುದು. ಜೊತೆಗೊಂದು ಚಿತ್ರವೂ ಇರುತ್ತದೆ: ಎರಡು ಬಾಗಿಲಿನ, ನೆಲಕ್ಕಂಟಿದಂತಿರುವ ಸ್ಪೋರ್ಟ್ಸ್ ಕೂಪೆ, ಅದರಲ್ಲಿ ಮಿಂಚುವ ದೊಡ್ಡ ಗಾಲಿಗಳು. ಅದನ್ನು ನೋಡಿ ನಮ್ಮ ಸ್ವಿಫ್ಟ್‌ಗೂ ಹಾಗೇ ಮಾಡಿಸೋಣ ಅನ್ನಿಸುವುದು ಸಹಜ.

ಗಾಲಿ ಬದಲಿಸುವುದು ತಪ್ಪಲ್ಲ. ಆದರೆ ಓಡುವ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ, ಒಂದೊಂದು ಕಡೆ ಅಂಗೈಯಷ್ಟು ಜಾಗ ಮಾತ್ರ. ಬ್ರೇಕ್, ಸ್ಟೀರಿಂಗ್, ಒಳಗೆ ಕೂತವರ ಜೀವ, ಎಲ್ಲವೂ ಆ ನಾಲ್ಕು ಅಂಗೈಗಳ ಮೇಲೆ ನಿಂತಿವೆ. ಅಲ್ಲಿ ಅಂದಾಜಿಗೆ ಜಾಗವಿಲ್ಲ.

ಒಂದೇ ಮಾತಿನಲ್ಲಿ ಉತ್ತರ

ಗಾಲಿಯನ್ನು ಆರಿಸಬೇಕಾದ್ದು ಕಣ್ಣಲ್ಲ, ಅಳತೆ. ಟೈರಿನ ಒಟ್ಟು ಎತ್ತರ, ಅದು ಹೊರುವ ಭಾರ, ಬೋಲ್ಟ್‌ಗಳ ವೃತ್ತ, ನಡುವಿನ ರಂಧ್ರ, ಆಫ್‌ಸೆಟ್, ನಟ್ಟಿನ ತಳದ ಆಕಾರ: ಈ ಆರೂ ನಿಮ್ಮ ಕಾರಿಗೆ ಹೊಂದಿದರೆ ಹೊಸ ಗಾಲಿ ಸುರಕ್ಷಿತ. ಒಂದು ತಪ್ಪಿದರೂ ಎಷ್ಟೇ ದುಬಾರಿ ಗಾಲಿಯಾದರೂ ಅಪಾಯ.

ಜಾತ್ರೆಯ ಬಾಗಿಲು ಮತ್ತು ಕಾರಿನ ಗಾಲಿ

ಬಾದಾಮಿ ತಾಲ್ಲೂಕಿನ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ತೇರು ಎಳೆಯುವ ಬನಶಂಕರಿ ಜಾತ್ರೆಯನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ನಾಟಕ ಕಂಪನಿಗಳು, ದನದ ಸಂತೆ ಇವುಗಳಷ್ಟೇ ಹೆಸರುವಾಸಿ ಅಲ್ಲಿನ ಕಟ್ಟಿಗೆಯ ಬಾಗಿಲು-ಚೌಕಟ್ಟುಗಳ ವ್ಯಾಪಾರ. ಅಲ್ಲಿ ಬಾಗಿಲು ಕೊಳ್ಳುವವರು ಕೆತ್ತನೆ ಎಷ್ಟು ಚೆಂದವಿದ್ದರೂ ಮನೆಯಿಂದ ಅಳತೆ ತಂದಿರುತ್ತಾರೆ. ಗೋಡೆಯ ಕಿಂಡಿ ಮೂರೂವರೆ ಅಡಿ, ಚೌಕಟ್ಟು ನಾಲ್ಕಡಿ ಆದರೆ ಕೆತ್ತನೆಯಿಂದ ಏನು ಪ್ರಯೋಜನ?

ಜಾತ್ರೆಗೆ ಬರುವ ಕಟ್ಟಿಗೆಯ ಗಾಲಿಯ ಚಕ್ಕಡಿಯೂ ಇದೇ ಪಾಠ ಹೇಳುತ್ತದೆ. ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವಾಗ ಪಟ್ಟಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿಯೇ ಮಾಡಿ, ಕಾಯಿಸಿ ಹಿಗ್ಗಿಸಿ, ಮೇಲೆ ಕೂರಿಸಿ ನೀರು ಹೊಯ್ಯುತ್ತಾರೆ. ತಣ್ಣಗಾದ ಪಟ್ಟಿ ಕುಗ್ಗಿ ಕಟ್ಟಿಗೆಯನ್ನು ಬಿಗಿಯಾಗಿ ಅಪ್ಪುತ್ತದೆ. ಅಳತೆ ತುಸು ಹೆಚ್ಚಾದರೆ ಪಟ್ಟಿ ಕಳಚುತ್ತದೆ, ತುಸು ಕಡಿಮೆಯಾದರೆ ಕೂರುವುದೇ ಇಲ್ಲ. ಗಂಟೆಗೆ ನಾಲ್ಕೈದು ಕಿ.ಮೀ. ಓಡುವ ಚಕ್ಕಡಿಗೇ ಇಷ್ಟು ಲೆಕ್ಕ ಬೇಕಾದರೆ ನೂರು ಕಿ.ಮೀ. ವೇಗದ ಕಾರಿಗೆ ಎಷ್ಟು ಬೇಕು?

ಟೈರಿನ ಮೇಲಿನ ಅಂಕೆ ಓದುವುದು ಹೇಗೆ?

2018ರ ಮಾರುತಿ ಸ್ವಿಫ್ಟ್‌ನ ಮೇಲ್ದರ್ಜೆಯ ಮಾದರಿಗೆ ಬಂದ ಟೈರ್ 185/65 ಆರ್15. ಇದರಲ್ಲಿ 185 ಎಂದರೆ ಟೈರಿನ ಅಗಲ, ಮಿಲಿಮೀಟರ್‌ಗಳಲ್ಲಿ. 65 ಎಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65ರಷ್ಟು, ಅಂದರೆ ಸುಮಾರು 120 ಮಿ.ಮೀ. 15 ಎಂದರೆ ರಿಮ್ಮಿನ ವ್ಯಾಸ, ಇಂಚುಗಳಲ್ಲಿ.

ಒಟ್ಟು ಎತ್ತರ ತಿಳಿಯಲು ರಿಮ್ಮಿನ ವ್ಯಾಸಕ್ಕೆ ಎರಡು ಗೋಡೆಗಳ ಎತ್ತರ ಸೇರಿಸಿ. 15 ಇಂಚು ಎಂದರೆ 381 ಮಿ.ಮೀ. ಅದಕ್ಕೆ 240.5 ಸೇರಿಸಿದರೆ 621.5 ಮಿ.ಮೀ. ಅದೇ ಕಾರಿನ ಕೆಳದರ್ಜೆಯ ಮಾದರಿಗೆ ಕೊಟ್ಟದ್ದು 165/80 ಆರ್14. ಲೆಕ್ಕ ಹಾಕಿದರೆ 619.6 ಮಿ.ಮೀ. ರಿಮ್ ಒಂದು ಇಂಚು ದೊಡ್ಡದಾದರೂ ಒಟ್ಟು ಎತ್ತರದಲ್ಲಿ ವ್ಯತ್ಯಾಸ ಎರಡೇ ಮಿಲಿಮೀಟರ್! ದೊಡ್ಡ ರಿಮ್ ಹಾಕುವ ಸರಿಯಾದ ದಾರಿಯೇ ಇದು: ರಿಮ್ ಬೆಳೆದಷ್ಟು ಟೈರಿನ ಗೋಡೆ ಇಳಿಯಬೇಕು, ಒಟ್ಟು ಎತ್ತರ ಹಾಗೇ ಉಳಿಯಬೇಕು.

ಸ್ಪೋರ್ಟ್ಸ್ ಕೂಪೆಗೂ ಇದೇ ಲೆಕ್ಕ. 2016ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಫೋರ್ಡ್ ಮಸ್ಟಾಂಗ್‌ನ ಮುಂದಿನ ಟೈರ್ 255/40 ಆರ್19. ಎತ್ತರ 686.6 ಮಿ.ಮೀ. ಇದಕ್ಕೆ 20 ಇಂಚಿನ ರಿಮ್ ಬೇಕೆಂದರೆ 255/35 ಆರ್20 ಹೊಂದುತ್ತದೆ, ಎತ್ತರ 686.5 ಮಿ.ಮೀ. ಆದರೆ ಗೋಡೆ 102 ಮಿ.ಮೀ.ನಿಂದ ಸುಮಾರು 89ಕ್ಕೆ ಇಳಿಯುತ್ತದೆ. ತಗ್ಗಿಗೆ ಬಿದ್ದಾಗ ರಿಮ್ಮನ್ನು ಕಾಯುವ ಗಾಳಿಯ ದಿಂಬು ಅಷ್ಟು ತೆಳುವಾಯಿತು ಎಂದರ್ಥ.

ಈಗ ತಪ್ಪು ಉದಾಹರಣೆ ನೋಡಿ. ಅದೇ ಸ್ವಿಫ್ಟ್‌ಗೆ ನೋಟ ಚೆಂದವೆಂದು 195/45 ಆರ್16 ಹಾಕಿದರೆ ಎತ್ತರ 582 ಮಿ.ಮೀ.ಗೆ ಕುಸಿಯುತ್ತದೆ. ವ್ಯಾಸದಲ್ಲಿ ಸುಮಾರು 40 ಮಿ.ಮೀ. ಕಡಿಮೆ, ಅಂದರೆ ಕಾರಿನ ಹೊಟ್ಟೆ ನೆಲಕ್ಕೆ 20 ಮಿ.ಮೀ. ಹತ್ತಿರ. 163 ಮಿ.ಮೀ. ಇದ್ದ ನೆಲದಂತರ 143ಕ್ಕೆ ಇಳಿದರೆ ಊರಿನ ರಸ್ತೆ ಉಬ್ಬುಗಳ ಮೇಲೆ ಐದು ಜನರನ್ನು ಹೊತ್ತು ದಾಟುವಾಗ ಏನಾಗುತ್ತದೆಂದು ಹೇಳಬೇಕಿಲ್ಲ.

ಒಟ್ಟು ಎತ್ತರದ ವ್ಯತ್ಯಾಸ ಶೇ 2ರೊಳಗೆ ಇದ್ದರೆ ಒಳ್ಳೆಯದು. ಶೇ 3 ದಾಟಬಾರದು.

ಅಳತೆಯ ಪಕ್ಕದಲ್ಲೇ ಇನ್ನೊಂದು ಅಂಕೆ ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಅದು ಭಾರದ ಸೂಚ್ಯಂಕ. 88 ಎಂದಿದ್ದರೆ ಒಂದು ಟೈರ್ 560 ಕೆ.ಜಿ. ಹೊರಬಲ್ಲದು. 84 ಎಂದಿದ್ದರೆ 500 ಕೆ.ಜಿ. ಮಾತ್ರ. ಹೊಸ ಟೈರಿನ ಸೂಚ್ಯಂಕ ಹಳೆಯದಕ್ಕಿಂತ ಕಡಿಮೆ ಇರಬಾರದು.

ಬೋಲ್ಟ್‌ಗಳ ವೃತ್ತ: “ಎರಡು ಮಿಲಿಮೀಟರ್ ತಾನೇ?”

ಗಾಲಿಯ ಬೋಲ್ಟ್ ರಂಧ್ರಗಳ ನಡುವನ್ನು ಸೇರಿಸಿ ಒಂದು ವೃತ್ತ ಎಳೆದರೆ ಅದರ ವ್ಯಾಸವೇ ಪಿಸಿಡಿ. ಸ್ವಿಫ್ಟ್‌ನದು 4×100, ಅಂದರೆ ನಾಲ್ಕು ರಂಧ್ರ, 100 ಮಿ.ಮೀ. ವೃತ್ತ. ಮಸ್ಟಾಂಗ್‌ನದು 5×114.3. ಈ ವಿಚಿತ್ರ ಅಂಕೆ ಬಂದದ್ದು ನಾಲ್ಕೂವರೆ ಇಂಚನ್ನು ಮಿಲಿಮೀಟರ್‌ಗೆ ತಿರುಗಿಸಿದ್ದರಿಂದ.

ಅಪಾಯ ಇರುವುದು ಹತ್ತಿರ ಹತ್ತಿರದ ಅಳತೆಗಳಲ್ಲಿ. ಫಿಯಾಟ್ ಪುಂಟೋದ ಪಿಸಿಡಿ 4×98. ಮಾರುಕಟ್ಟೆಯಲ್ಲಿ ಹೇರಳವಾಗಿರುವ 4×100 ಗಾಲಿಯನ್ನು ಅದಕ್ಕೆ ಹಾಕಿದರೆ ಬೋಲ್ಟ್‌ಗಳು ಹೇಗೋ ಒಳಗೆ ಹೋಗುತ್ತವೆ, ಗಾಲಿ ಕೂತಂತೆಯೂ ಕಾಣುತ್ತದೆ. ಆದರೆ ಪ್ರತಿ ಬೋಲ್ಟ್ ತನ್ನ ಜಾಗದಿಂದ ಒಂದೊಂದು ಮಿಲಿಮೀಟರ್ ಸರಿದು, ಓರೆಯಾಗಿ ಬಿಗಿದಿರುತ್ತದೆ. ಗಾಲಿ ಒಂದು ಸುತ್ತು ತಿರುಗಿದಾಗಲೆಲ್ಲ ಆ ಓರೆ ಬೋಲ್ಟ್ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿಯುತ್ತೇವಲ್ಲ, ಹಾಗೆಯೇ ಅದೂ ಒಂದು ದಿನ ಮುರಿಯುತ್ತದೆ. ಲೋಹದ ದಣಿವು ಎನ್ನುವುದು ಇದಕ್ಕೇ.

ನಡುವಿನ ರಂಧ್ರ: ಬ್ಯಾಲೆನ್ಸಿಂಗ್ ಮಾಡಿಸಿದರೂ ನಿಲ್ಲದ ನಡುಕ

ಗಾಲಿಯ ನಡುವಿನ ದೊಡ್ಡ ರಂಧ್ರ ಕಾರಿನ ಹಬ್ಬಿನ ಮೇಲೆ ಸರಿಯಾಗಿ ಕೂರಬೇಕು. ಸ್ವಿಫ್ಟ್‌ನ ಹಬ್ 54.1 ಮಿ.ಮೀ., ಮಸ್ಟಾಂಗ್‌ನದು ಸುಮಾರು 70.5. ಹೊರಗೆ ಮಾರುವ ಗಾಲಿಗಳು ಹಲವು ಕಾರುಗಳಿಗೆ ಹೊಂದಲೆಂದು ರಂಧ್ರವನ್ನು ದೊಡ್ಡದಾಗಿಯೇ ಮಾಡಿರುತ್ತವೆ. 73.1 ಮಿ.ಮೀ. ಸಾಮಾನ್ಯ ಅಳತೆ. ಅದನ್ನು ಸ್ವಿಫ್ಟ್‌ಗೆ ಹಾಕಿದರೆ ಹಬ್ಬಿನ ಸುತ್ತ 9.5 ಮಿ.ಮೀ. ಖಾಲಿ ಜಾಗ ಉಳಿಯುತ್ತದೆ.

ಆ ಜಾಗ ತುಂಬಲು ಹಬ್ ರಿಂಗ್ ಎಂಬ ಬಳೆ ಸಿಗುತ್ತದೆ. ಹೊರಗಿನ ಅಳತೆ 73.1, ಒಳಗಿನದು 54.1. ಬೆಲೆ ಅಲ್ಪ. ಅದಿಲ್ಲದೆ ಬಿಗಿದರೆ ಗಾಲಿ ಕೂದಲೆಳೆಯಷ್ಟು ಪಕ್ಕಕ್ಕೆ ಕೂತು, ವೇಗ ಏರಿದಂತೆ ಸ್ಟೀರಿಂಗ್ ನಡುಗಬಹುದು. ಎಷ್ಟೋ ಜನ ಆಗ ಮತ್ತೆ ಮತ್ತೆ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ. ಬ್ಯಾಲೆನ್ಸಿಂಗ್ ಯಂತ್ರ ಗಾಲಿಯನ್ನು ತನ್ನದೇ ಶಂಕುವಿನ ಮೇಲೆ ನಟ್ಟನಡುವೆ ಹಿಡಿದು ತಿರುಗಿಸುತ್ತದೆ. ಹಾಗಾಗಿ ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತಪ್ಪು ಇರುವುದು ಗಾಲಿಯಲ್ಲಲ್ಲ, ಕಾರಿಗೆ ಕೂರಿಸಿದ ರೀತಿಯಲ್ಲಿ.

ಆಫ್‌ಸೆಟ್: ಹೊರಗೆ ಚಾಚಿದ ಗಾಲಿಯ ಬೆಲೆ

ಗಾಲಿಯ ಒಳಭಾಗದಲ್ಲಿ “ಇಟಿ 45” ಎಂಬಂಥ ಗುರುತು ಇರುತ್ತದೆ. ಗಾಲಿಯ ಅಗಲದ ನಟ್ಟನಡುವಿನ ಗೆರೆಯಿಂದ, ಹಬ್ಬಿಗೆ ತಾಗುವ ಮುಖ 45 ಮಿ.ಮೀ. ಹೊರಕ್ಕಿದೆ ಎಂದು ಅದರರ್ಥ. ಈ ಅಂಕೆ ಕಡಿಮೆಯಾದಷ್ಟೂ ಗಾಲಿ ಕಾರಿನಿಂದ ಹೊರಗೆ ಚಾಚುತ್ತದೆ. ಇಟಿ 45 ಇದ್ದಲ್ಲಿ ಇಟಿ 35 ಹಾಕಿದರೆ 10 ಮಿ.ಮೀ. ಹೊರಗೆ. ಆಫ್‌ಸೆಟ್ ಅದೇ ಇದ್ದು ರಿಮ್ಮಿನ ಅಗಲ ಒಂದು ಇಂಚು ಹೆಚ್ಚಾದರೆ ಒಳಗೂ ಹೊರಗೂ 12.7 ಮಿ.ಮೀ. ಬೆಳೆಯುತ್ತದೆ.

ಕೊಡ ತುಂಬಿದ ನೀರನ್ನು ಸೊಂಟಕ್ಕೆ ಒತ್ತಿ ಹಿಡಿಯುವುದು ಸುಲಭ, ಕೈ ಚಾಚಿ ಹಿಡಿಯುವುದು ಕಷ್ಟ. ಗಾಲಿ ಹೊರಗೆ ಹೋದಷ್ಟೂ ಬೇರಿಂಗ್ ಮತ್ತು ಸಸ್ಪೆನ್ಷನ್ ಮೇಲೆ ಅಂಥದೇ ಹೊರೆ. ತಗ್ಗಿಗೆ ಒಂದು ಕಡೆಯ ಗಾಲಿ ಇಳಿದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡಂತೆ ಎಳೆಯುತ್ತದೆ. ಕಾರು ತುಂಬಿದಾಗ ಟೈರ್ ಮಡ್‌ಗಾರ್ಡ್‌ಗೆ ಉಜ್ಜುತ್ತದೆ. ಒಳಗೆ ಹೆಚ್ಚು ಹೋದರೆ ಸಸ್ಪೆನ್ಷನ್ನಿಗೋ ಬ್ರೇಕ್ ಪೈಪಿಗೋ ತಾಗುತ್ತದೆ. ಸ್ಪೋರ್ಟ್ಸ್ ಕೂಪೆಗಳಲ್ಲಿ ಇನ್ನೊಂದು ತೊಡಕು: ಅವುಗಳ ಬ್ರೇಕ್ ದೊಡ್ಡದು. ಅಳತೆ ಎಲ್ಲ ಹೊಂದಿದರೂ ಗಾಲಿಯ ಕಡ್ಡಿಗಳು ಬ್ರೇಕಿಗೆ ತಾಗಬಹುದು. ಒಂದು ಗಾಲಿಯನ್ನು ಮೊದಲು ಟೈರಿಲ್ಲದೆ ಕೂರಿಸಿ, ಕೈಯಲ್ಲಿ ತಿರುಗಿಸಿ ನೋಡಿದ ಮೇಲೆಯೇ ಹಣ ಕೊಡಿ.

ನಟ್: ಚಕ್ಕಡಿಯ ಕಡಾಣಿ ಇದ್ದಂತೆ

ಚಕ್ಕಡಿಯ ಗಾಲಿ ಕಳಚದಂತೆ ಅಚ್ಚಿನ ತುದಿಯಲ್ಲಿ ತಡೆಯುವ ಸಣ್ಣ ಕೀಲನ್ನು ಕಡಾಣಿ ಎನ್ನುತ್ತಾರೆ. ಕಾರಿನಲ್ಲಿ ಆ ಕೆಲಸ ನಟ್‌ಗಳದು. ನಟ್‌ಗಳ ತಳ ಮೂರು ಬಗೆ: ಶಂಕುವಿನಂತೆ ಇಳಿಜಾರು, ಗೋಲಿಯಂತೆ ದುಂಡು, ಚಪ್ಪಟೆ. ಹೋಂಡಾ ಕಾರುಗಳಿಗೆ ಕಂಪನಿಯಿಂದ ಬರುವ ನಟ್‌ಗಳು ದುಂಡು ತಳದವು. ಹೊರಗಿನ ಅಲಾಯ್‌ಗಳು ಬಹುತೇಕ ಶಂಕು ತಳದ ನಟ್ ಕೇಳುತ್ತವೆ. ದುಂಡು ನಟ್ಟನ್ನು ಶಂಕುವಿನ ಗುಂಡಿಗೆ ಬಿಗಿದರೆ ತಾಗುವುದು ಗೆರೆಯಷ್ಟು ಜಾಗ ಮಾತ್ರ. ಸ್ಪ್ಯಾನರ್‌ಗೆ ಬಿಗಿಯೆನಿಸಿದರೂ ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ಗಾಲಿ ಬದಲಿಸುವಾಗ ಅದಕ್ಕೆ ಒಪ್ಪುವ ನಟ್‌ಗಳನ್ನೂ ಕೊಳ್ಳಿ.

ಬಿಗಿಯುವಾಗ ಒಂದರ ಪಕ್ಕ ಒಂದಲ್ಲ, ಎದುರುಬದುರಾಗಿ ಬಿಗಿಯಬೇಕು. ಕೊನೆಯ ಬಿಗಿತವನ್ನು ಕಾರಿನ ಕೈಪಿಡಿ ಹೇಳಿದಷ್ಟೇ, ಟಾರ್ಕ್ ಸ್ಪ್ಯಾನರ್‌ನಿಂದ ಕೊಡಬೇಕು. ಪೈಪು ಹಾಕಿ ಕಾಲಲ್ಲಿ ಒದ್ದು ಬಿಗಿದರೆ ಬೋಲ್ಟ್ ಹಿಗ್ಗಿ ಬಲ ಕಳೆದುಕೊಳ್ಳುತ್ತದೆ. ಹೊಸ ಗಾಲಿ ಹಾಕಿಸಿ ಬಾದಾಮಿಯಿಂದ ಹುಬ್ಬಳ್ಳಿಗೆ ಹೋಗುವಷ್ಟು, ಅಂದರೆ ನೂರು ಕಿ.ಮೀ. ಓಡುವುದರೊಳಗೆ ಎಲ್ಲ ನಟ್‌ಗಳ ಬಿಗಿತವನ್ನು ಮತ್ತೊಮ್ಮೆ ನೋಡಿಸಿ.

ಹರಿದಾಡುವ ಮಾತುಗಳು: ಎಷ್ಟು ನಿಜ?

1. “ಚಿಕ್ಕ ಟೈರ್ ಹಾಕಿದ ಮೇಲೆ ಮೈಲೇಜ್ ಏರಿತು.”
ಸುಳ್ಳು, ಆದರೆ ಹೇಳುವವರು ಸುಳ್ಳುಗಾರರಲ್ಲ. ಕಾರು ಗಾಲಿಯ ಸುತ್ತುಗಳನ್ನು ಎಣಿಸಿ ದೂರ ಲೆಕ್ಕ ಹಾಕುತ್ತದೆ. ಮೇಲಿನ ಉದಾಹರಣೆಯ 582 ಮಿ.ಮೀ. ಟೈರ್ 100 ಕಿ.ಮೀ. ಓಡಿದರೆ ಮೀಟರ್ ಸುಮಾರು 107 ಎಣಿಸುತ್ತದೆ. ಲೀಟರಿಗೆ 20 ಕೊಡುತ್ತಿದ್ದ ಕಾರು 21.4 ಕೊಟ್ಟಂತೆ ಕಾಣುತ್ತದೆ. ಪೆಟ್ರೋಲ್ ಒಂದು ಹನಿಯೂ ಉಳಿದಿರುವುದಿಲ್ಲ. ದೊಡ್ಡ ಟೈರ್ ಹಾಕಿದರೆ ಇದರ ತಿರುವುಮುರುವು: ಮೀಟರ್ ತೋರಿಸುವುದಕ್ಕಿಂತ ನಿಮ್ಮ ನಿಜವಾದ ವೇಗ ಹೆಚ್ಚಿರುತ್ತದೆ.

2. “ಅಲಾಯ್ ಎಂದರೆ ಹಗುರ.”
ಅರ್ಧ ನಿಜ. ಅದೇ ಅಳತೆಯ ಉಕ್ಕಿನ ರಿಮ್ಮಿಗಿಂತ ಒಳ್ಳೆಯ ಅಲಾಯ್ ಹಗುರವಿರಬಹುದು. ಆದರೆ 15 ಇಂಚಿನ ಉಕ್ಕಿನ ರಿಮ್ ತೆಗೆದು 17 ಇಂಚಿನ ಅಗ್ಗದ ಎರಕದ ಅಲಾಯ್ ಹಾಕಿದರೆ ಭಾರ ಹೆಚ್ಚಬಹುದು. ಕೊಳ್ಳುವ ಮುನ್ನ ತಕ್ಕಡಿಯಲ್ಲಿ ಇಟ್ಟು ತೂಗಿಸಿ.

3. “ಗಾಲಿಯಲ್ಲಿ ಒಂದು ಕೆ.ಜಿ. ಇಳಿಸಿದರೆ ಕಾರಿನಲ್ಲಿ ಹತ್ತು ಕೆ.ಜಿ. ಇಳಿಸಿದಂತೆ.”
ಉತ್ಪ್ರೇಕ್ಷೆ. ಗಾಲಿಯ ಅಂಚಿನಲ್ಲಿರುವ ಭಾರ ಮುಂದಕ್ಕೂ ಓಡಬೇಕು, ಸುತ್ತಲೂ ಬೇಕು. ಎರಡಕ್ಕೂ ಸಮ ಶಕ್ತಿ ಬೇಕಾದ್ದರಿಂದ ವೇಗ ಹೆಚ್ಚಿಸುವಾಗ ಆ ಒಂದು ಕೆ.ಜಿ. ಹೆಚ್ಚೆಂದರೆ ಎರಡು ಕೆ.ಜಿ.ಗೆ ಸಮ. ಹತ್ತು ಎಂಬುದಕ್ಕೆ ಭೌತಶಾಸ್ತ್ರದ ಆಧಾರವಿಲ್ಲ. ಆದರೆ ಸಸ್ಪೆನ್ಷನ್‌ನ ಸ್ಪ್ರಿಂಗ್ ಹೊರದ ಈ ಭಾರ ಕಡಿಮೆಯಿದ್ದಷ್ಟೂ ಒರಟು ರಸ್ತೆಯಲ್ಲಿ ಟೈರ್ ನೆಲ ಬಿಡದೆ ಓಡುತ್ತದೆ ಎಂಬುದು ನಿಜ.

4. “ಅಗಲ ಟೈರ್ ಎಂದರೆ ಎಲ್ಲೆಲ್ಲೂ ಹೆಚ್ಚು ಹಿಡಿತ.”
ಒಣ ರಸ್ತೆಯಲ್ಲಿ, ಒಳ್ಳೆಯ ರಬ್ಬರ್ ಇದ್ದರೆ ಲಾಭವುಂಟು. ಮಳೆಯಲ್ಲಿ ಅಗಲ ಟೈರ್ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು. ಅದು ಆಗದಿದ್ದರೆ ಟೈರ್ ನೀರಿನ ಮೇಲೆ ತೇಲಿ, ಬ್ರೇಕೂ ಸ್ಟೀರಿಂಗೂ ಕೆಲಸ ಮಾಡುವುದಿಲ್ಲ. ಟೈರಿನ ಗೀರು 1.6 ಮಿ.ಮೀ.ಗಿಂತ ಸವೆದರೆ ಕಾರಿನ ಟೈರ್ ಬದಲಿಸಲೇಬೇಕು.

5. “ಬೇಸಿಗೆಯಲ್ಲಿ ಟೈರ್ ಒಡೆಯದಿರಲು ಗಾಳಿ ಕಡಿಮೆ ಮಾಡಿ.”
ಅಪಾಯಕಾರಿ ಸುಳ್ಳು. ತಾಪಮಾನ 10 ಡಿಗ್ರಿ ಏರಿದರೆ ಗಾಳಿಯ ಒತ್ತಡ ಏರುವುದು ಸುಮಾರು 1.5 ಪಿಎಸ್‌ಐ ಮಾತ್ರ. ಟೈರ್ ಅದನ್ನು ತಾಳುವಂತೆಯೇ ಮಾಡಿರುತ್ತಾರೆ. ಗಾಳಿ ಕಡಿಮೆಯಿದ್ದರೆ ಟೈರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಒಳಗೊಳಗೇ ಕಾಯುತ್ತದೆ. ಒಡೆಯುವುದು ಆ ಕಾವಿನಿಂದ. ಗಾಳಿ ತುಂಬಿಸಬೇಕಾದ್ದು ಟೈರ್ ತಣ್ಣಗಿದ್ದಾಗ, ಚಾಲಕನ ಬಾಗಿಲ ಬಳಿಯ ಚೀಟಿ ಹೇಳಿದಷ್ಟು. ಟೈರಿನ ಮೈಮೇಲೆ ಬರೆದ ಅಂಕೆ ಗರಿಷ್ಠ ಮಿತಿ, ತುಂಬಿಸಬೇಕಾದ ಪ್ರಮಾಣವಲ್ಲ. ಬೇರೆ ಅಳತೆಯ ಟೈರ್ ಹಾಕಿಸಿದ್ದರೆ ಅದಕ್ಕೆ ತಕ್ಕ ಒತ್ತಡವನ್ನು ಟೈರ್ ಕಂಪನಿಯ ಪಟ್ಟಿಯಿಂದ ತಿಳಿಯಿರಿ.

6. “ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಮಾಡಿದರೆ ಹೊಸದರಂತೆ.”
ಇಲ್ಲ. ಉಕ್ಕಿನ ರಿಮ್ ಪೆಟ್ಟಿಗೆ ಬಾಗುತ್ತದೆ, ಎರಕದ ಅಲಾಯ್ ಬಿರುಕು ಬಿಡುತ್ತದೆ. ವೆಲ್ಡಿಂಗ್‌ನ ಕಾವು ಸುತ್ತಲಿನ ಲೋಹದ ಬಲವನ್ನೂ ಕುಗ್ಗಿಸುತ್ತದೆ. ಬಿರುಕು ಕಂಡರೆ ಗಾಲಿ ಬದಲಿಸಿ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಕಾಯ್ದೆ ಒಪ್ಪದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಹಾಗಾಗಿ ಸುರಕ್ಷಿತ ದಾರಿ ಒಂದೇ: ನಿಮ್ಮ ಕಾರಿನ ಯಾವುದಾದರೂ ಮಾದರಿಗೆ ಕಂಪನಿಯೇ ಕೊಟ್ಟಿರುವ ಅಳತೆಯನ್ನು ಆರಿಸಿ. ಹೊರಗಿನ ಗಾಲಿ ಹಾಕಿಸಿದರೆ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ.

ಅಂಗಡಿಗೆ ಹೋಗುವಾಗ ಈ ಪಟ್ಟಿ ಮೊಬೈಲಿನಲ್ಲಿರಲಿ

- ಈಗಿನ ಟೈರಿನ ಅಳತೆ ಮತ್ತು ಭಾರದ ಸೂಚ್ಯಂಕದ ಫೋಟೊ ತೆಗೆಯಿರಿ.
- ಪಿಸಿಡಿ, ಹಬ್ಬಿನ ಅಳತೆ, ಆಫ್‌ಸೆಟ್, ನಟ್ಟಿನ ಬಗೆಯನ್ನು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೇಳಿ ಬರೆದುಕೊಳ್ಳಿ.
- ಗಾಲಿಯ ಮೇಲೆ ಐಎಸ್‌ಐ ಗುರುತು ನೋಡಿ. ವಿದೇಶಿ ಗಾಲಿಯಾದರೆ ಜಪಾನಿನ ಜೆಡಬ್ಲ್ಯೂಎಲ್‌ನಂಥ ಗುರುತು ಎರಕದಲ್ಲೇ ಮೂಡಿರುತ್ತದೆ. ಅಂಟಿಸಿದ ಸ್ಟಿಕ್ಕರ್ ನಂಬಬೇಡಿ.
- ಟೈರಿನ ಮೇಲಿನ ನಾಲ್ಕು ಅಂಕೆಯ ತಯಾರಿಕೆ ದಿನಾಂಕ ಓದಿ. 2324 ಎಂದರೆ 2024ರ 23ನೇ ವಾರ.
- ಕೂರಿಸಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂದೆ ಜನರನ್ನು ಕೂರಿಸಿ, ಎಲ್ಲೂ ಉಜ್ಜುತ್ತಿಲ್ಲವೆಂದು ನೋಡಿ.
- ಸ್ಟೆಪ್ನಿ ಹಳೆಯ ಅಳತೆಯದೇ ಇದ್ದರೆ ಅದಕ್ಕೆ ಬೇಕಾದ ಹಳೆಯ ನಟ್‌ಗಳನ್ನೂ ಡಿಕ್ಕಿಯಲ್ಲಿಟ್ಟುಕೊಳ್ಳಿ.

ಸ್ಟೆಪ್ನಿಯ ಈ ಕೊನೆಯ ಮಾತನ್ನು ಹೆಚ್ಚಿನವರು ಮರೆಯುತ್ತಾರೆ. ಪಂಕ್ಚರ್ ಆಗುವುದು ಅಂಗಡಿಯ ಮುಂದಲ್ಲ, ರಾತ್ರಿ ಜಾತ್ರೆ ಮುಗಿಸಿ ಮನೆಮಂದಿಯೊಂದಿಗೆ ಮರಳುವ ದಾರಿಯಲ್ಲಿ. ಹೊಸ ಗಾಲಿಯ ಚಿತ್ರವನ್ನು ಸ್ಟೇಟಸ್‌ಗೆ ಹಾಕುವ ಮುನ್ನ ಈ ಪಟ್ಟಿಯನ್ನೊಮ್ಮೆ ನೋಡಿ. ಗಾಲಿ ಬದಲಿಸಲು ಹೊರಟ ಗೆಳೆಯರಿಗೂ ಕಳಿಸಿ.